ಬಟ್ಟಿ ನೋಡುತ್ತಿದ್ದ ಕೈ

ಮೊದಲು ಗೊತ್ತಾದದ್ದು ಕನ್ನಡಕದಿಂದ.

ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಚಾವಡಿಯ ತಣ್ಣನೆ ನೆಲಕ್ಕೆ ಚಾಪೆ ಹಾಸಿ, ವಾರಪತ್ರಿಕೆ ಓದುತ್ತ ಮಲಗುವುದು ನನ್ನ ಅಭ್ಯಾಸ. ಕಣ್ಣು ಎಳೆಯತೊಡಗಿದರೆ ಕನ್ನಡಕ ತೆಗೆದು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಿದ್ದೆ. ನೆಲದಲ್ಲಿಟ್ಟರೆ ಯಾರಾದರೂ ತುಳಿಯುತ್ತಾರೆಂದು. ಒಂದು ದಿನ ಹಾಗೆ ಇಟ್ಟಾಗ ಕನ್ನಡಕದ ಕಾಲು ಅಲುಗುವುದು ಕಾಣಿಸಿತು. ಉಸಿರಾಟಕ್ಕಿರಬೇಕೆಂದು ಉಸಿರು ಹಿಡಿದು ನೋಡಿದೆ. ಆಗಲೂ ಅಲುಗಿತು. ಒಂದೇ ಸಮನೆ, ಗಡಿಯಾರದ ಮುಳ್ಳಿನ ಹಾಗೆ. ಗ್ಯಾಸ್ ಆಗಿರಬೇಕು ಎಂದುಕೊಂಡು ಮಗ್ಗುಲಾದೆ.

ಇದಾಗಿ ಹತ್ತು ವರ್ಷದ ಮೇಲಾಯಿತು. ಮೊನ್ನೆ ಚೆಕಪ್ಪಿಗೆ ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕುಳಿತಿದ್ದ ಹೆಂಗಸಿನ ಗಂಡನಿಗೆ ನನಗಾದದ್ದೇ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆಕೆ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, "ನೀವ್ ಬದ್ಕಿ ಬಂದ್ರಿಯಲೆ, ಅಷ್ಟ್ ಸಾಕ್ ನಂಗೆ" ಎಂದರು. ನಾನು ನನ್ನ ಹೊಲಿಗೆಯ ವಿಷಯ, ಯಂತ್ರಗಳ ವಿಷಯ ಹೇಳಿ ಧೈರ್ಯ ತುಂಬಿ ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ, ಹೇಳಬೇಕಾದ ಇನ್ನೊಂದು ವಿಷಯ ಹೇಳಲಿಲ್ಲವಲ್ಲ ಅನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಉಪ್ಪುಂದ. ಆಗ ಮನೆಯಲ್ಲಿ ನಾವು ಮೂವರು: ಇವರು, ಇವರ ತಾಯಿ, ನಾನು. ಇವರಿಗೆ ಬೈಂದೂರಿನಲ್ಲಿ ಮೀನುಬಲೆ ಮತ್ತು ಹಗ್ಗದ ಅಂಗಡಿ. ನಮಗೆ ಮಕ್ಕಳಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಅದಕ್ಕೆಂದು ನನ್ನ ಹೊಟ್ಟೆಗೆ ಎಣ್ಣೆ ತಿಕ್ಕಿ ತಿಕ್ಕಿ, ಐದಾರು ವರ್ಷವಾದ ಮೇಲೆ ಒಂದು ದಿನ ತಾವೇ ನಿಲ್ಲಿಸಿದರು. ಒಂದು ಮಾತೂ ಆಡಲಿಲ್ಲ. ಆಮೇಲೂ ಆಡಲಿಲ್ಲ.

ಅತ್ತೆ ಬಟ್ಟಿ ನೋಡುವವರು. ಭಾರ ಎತ್ತಿದರೆ, ಎಡವಿದರೆ ಹೊಕ್ಕುಳದ ಒಳಗೆ ಮಿಡಿಯುವ ಜಾಗ ಪಕ್ಕಕ್ಕೆ ಸರಿಯುತ್ತದೆ, ಹೊಟ್ಟೆನೋವು, ಭೇದಿ ಅದರಿಂದಲೇ ಬರುತ್ತದೆ ಎಂಬುದು ನಮ್ಮ ಕಡೆಯವರ ನಂಬಿಕೆ. ಅದಕ್ಕೆ ಬಟ್ಟಿ ಜಾರುವುದು ಎನ್ನುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜನ ಬರುತ್ತಿದ್ದರು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡ ತಾಯಂದಿರೇ ಹೆಚ್ಚು. ಅತ್ತೆ ಚಾಪೆಯಲ್ಲಿ ಮಲಗಿಸಿ, ತೆಂಗಿನೆಣ್ಣೆ ಹಚ್ಚಿ, ಐದು ಬೆರಳ ತುದಿ ಒಟ್ಟು ಮಾಡಿ ಹೊಕ್ಕುಳಿನ ಮೇಲಿಟ್ಟು, ಕಣ್ಣು ಮುಚ್ಚಿ ಹುಡುಕುತ್ತಿದ್ದರು. ಆಗ ಅವರ ಮುಖ ಯಾರೋ ದೂರದಿಂದ ಕರೆದದ್ದನ್ನು ಆಲಿಸುವವರ ಹಾಗೆ ಆಗುತ್ತಿತ್ತು. ಸಿಕ್ಕ ಮೇಲೆ ಅದನ್ನು ಮೆಲ್ಲನೆ ತಿಕ್ಕುತ್ತ ನಡುವಿಗೆ ತಂದು ಬಿಡುವುದು. ಅತ್ತೆ ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ.

ನಾನು ಕುಂದಾಪುರದ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ ಆರೋಗ್ಯದ ಪಾಠದಲ್ಲಿ ಹಲಗೆಯ ಮೇಲೆ ರಕ್ತನಾಳಗಳನ್ನು ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು. ಬಟ್ಟಿ ಎಂಬುದು ಆ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ ಸೊಂಟದ ಹಿಂದೆ ಒಂದು ನೋವು ಬಂದು ಕುಳಿತಾಗ ನಾನು ಹೋದದ್ದು ಅತ್ತೆಯ ಚಾಪೆಗೇ. ಬಿಪಿ ಇದೆಯೆಂದು ಡಾಕ್ಟರು ಎರಡು ವರ್ಷದ ಹಿಂದೆಯೇ ಗುಳಿಗೆ ಕೊಟ್ಟಿದ್ದರು. ಅದನ್ನು ತಲೆ ಸುತ್ತಿದ ದಿನ ಮಾತ್ರ ತೆಗೆದುಕೊಳ್ಳುತ್ತಿದ್ದೆ. ಆಸ್ಪತ್ರೆಗೆ ಹೋದರೆ ಮೊದಲು ಅದನ್ನೇ ಕೇಳುತ್ತಾರೆಂಬ ಅಳುಕು ಇತ್ತು.

ಅತ್ತೆ ಎರಡು ಬೆಳಿಗ್ಗೆ ತಿಕ್ಕಿದರು. ಮೂರನೆಯ ಬೆಳಿಗ್ಗೆ ಬೆರಳಿಟ್ಟವರು ತಟ್ಟನೆ ತೆಗೆದುಬಿಟ್ಟರು. ಬಿಸಿ ಪಾತ್ರೆ ಮುಟ್ಟಿದ ಹಾಗೆ.

"ವಿಮಲಾ, ಇದ್ ಬಟ್ಟಿ ಅಲ್ಲ."

"ಮತ್ತೆಂತ?"

"ನಂಗ್ ಗೊತ್ತಿಲ್ಲ. ಬಟ್ಟಿ ಆರೆ ಕಡ್ಲಿಕಾಳಿನಷ್ಟ್ ಮಿಡೀತ್. ಇದ್ ಮುಷ್ಟಿಯಷ್ಟಿತ್. ನಾ ಇನ್ ಮುಟ್ತಿಲ್ಲೆ. ನಾಳೆಯೇ ಡಾಕ್ಟ್ರಿಗ್ ತೋರ್ಸ್."

ಶಿರೂರಿನಲ್ಲಿ ನಾದಿನಿ ಶಾರದಾ ಹೊಸ ಮನೆ ಕಟ್ಟಿಸಿದ್ದಳು. ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹನ್ನೊಂದು ದಿನ ಉಳಿದಿತ್ತು. ತವರಿನಿಂದ ಹೋಗಬೇಕಾದ ಸೀರೆ, ಪಾತ್ರೆ, ದೀಪ ಎಲ್ಲ ನನ್ನ ಕೈಯಲ್ಲೇ ಆಗಬೇಕು. "ಒಕ್ಲ್ ಮುಗೀಲಿ ಅತ್ತೆ, ಮರುದಿನವೇ ಹೋತೆ. ನಿಮ್ಮ ಮಗನಿಗ್ ಹೇಳ್ಬೇಡಿ. ಹೇಳಿರೆ ಈಗಳೇ ಎಳ್ಕಂಡ್ ಹೋತ್ರ್" ಎಂದೆ. ಅತ್ತೆ ಎಣ್ಣೆಯ ಬಟ್ಟಲನ್ನು ಎತ್ತಿಕೊಂಡು ಎದ್ದರು. ಬಾಗಿಲಲ್ಲಿ ನಿಂತು, "ಹೇಳೂದಿಲ್ಲ. ಆದ್ರೆ ನೀ ಹೋಯ್ಕ್" ಎಂದರು. ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ನನ್ನ ಮುಖ ನೋಡುತ್ತಿದ್ದರು. ನಾನು ಬೇರೆಲ್ಲಿಗೋ ನೋಡುತ್ತಿದ್ದೆ.

ಒಕ್ಕಲಿಗೆ ಹೊರಡುವ ಬೆಳಿಗ್ಗೆ ಸೀರೆ ಮಡಚುತ್ತಿದ್ದಾಗ ನೋವು ಏರಿತು. ಕೂರಲು ಆಗಲಿಲ್ಲ, ನಿಲ್ಲಲು ಆಗಲಿಲ್ಲ. ಚಾಪೆಯಲ್ಲಿ ಮಲಗಿ ಅತ್ತೆಯನ್ನು ಕರೆದೆ. ಅವರು ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದವರು ಬಟ್ಟಲು ಹಿಡಿದುಕೊಂಡೇ ಓಡಿಬಂದರು.

"ಒಂದ್ಸಲ ತಿಕ್ಕಿ ಅತ್ತೆ."

"ಬ್ಯಾಡ ಮಗಾ. ಆತಿಲ್ಲ."

"ತಿಕ್ಕುದ್ ಬ್ಯಾಡ. ಸುಮ್ನೆ ಕೈ ಇಡಿ. ನಿಮ್ಮ ಕೈ ತಂಪಿತ್."

ಅವರು ಬಟ್ಟಲು ಕೆಳಗಿಟ್ಟು, ಅಂಗೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟರು. ಒತ್ತಲಿಲ್ಲ. ತೊಟ್ಟಿಲಿನಲ್ಲಿ ನಿದ್ದೆ ಹೋದ ಮಗುವಿನ ಮೇಲೆ ಇಡುವ ಹಾಗೆ ಇಟ್ಟರು. ಆ ಹೊತ್ತಿಗೆ ಒಳಗೆ ಏನೋ ಹರಿಯಿತು. ಬೆನ್ನಿನ ಕಡೆಗೆ ಬಿಸಿಯಾಗಿ ಇಳಿದದ್ದು ಗೊತ್ತಾಯಿತು. ನಾನು ಕೂಗಿದೆನಂತೆ. ಇವರು ಅಂಗಳದಿಂದ ಓಡಿಬಂದು ಬಾಗಿಲಲ್ಲಿ ನಿಂತಾಗ ಕಂಡದ್ದು ಇಷ್ಟು: ಚಾಪೆ, ಎಣ್ಣೆ ಬಟ್ಟಲು, ನನ್ನ ಹೊಟ್ಟೆಯ ಮೇಲೆ ಅವರಮ್ಮನ ಕೈ.

ಬೈಂದೂರಿನ ಡಾಕ್ಟರು ಹೊಟ್ಟೆ ಮುಟ್ಟಿದವರೇ ಅತ್ತೆಯ ಹಾಗೆಯೇ ತಟ್ಟನೆ ಕೈ ತೆಗೆದರು. ಬ್ರಹ್ಮಾವರ ದಾಟಿದರೆ ಸಿಗುವ ದೊಡ್ಡ ಆಸ್ಪತ್ರೆಗೆ ಒಂದು ಚೀಟಿ ಬರೆದು, "ಎಲ್ಲಿಯೂ ನಿಲ್ಲಿಸಬೇಡಿ" ಎಂದರು. ಒಕ್ಕಲಿಗೆಂದು ಗೊತ್ತು ಮಾಡಿದ್ದ ಓಮ್ನಿಯಲ್ಲೇ ಹೊರಟೆವು. ಅದರಲ್ಲಿ ಹಲಸಿನ ಹಣ್ಣಿನ ವಾಸನೆ ಇತ್ತು, ಶಾರದಾಳ ಮನೆಗೆ ಒಯ್ಯಲು ಇಟ್ಟದ್ದನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಮರವಂತೆಯಲ್ಲಿ ಗಾಳಿ ಬಂತು. ಕುಂದಾಪುರದಲ್ಲಿ ಶಾಲೆ ಶುರುವಾಗುವ ಹೊತ್ತಿರಬೇಕು, ನೀಲಿ ಲಂಗದ ಮಕ್ಕಳು ರಸ್ತೆ ದಾಟುತ್ತಿದ್ದರು. ಇವರು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಬ್ರಹ್ಮಾವರ ಬಂತ್, ಬ್ರಹ್ಮಾವರ ಬಂತ್" ಎನ್ನುತ್ತಲೇ ಇದ್ದರು, ಅದು ಬರುವುದಕ್ಕೆ ಎಷ್ಟೋ ಮೊದಲಿಂದ. ಅದು ನಿಜವಾಗಿ ಬಂದದ್ದು ನನಗೆ ಗೊತ್ತಿಲ್ಲ.

ಮತ್ತೆ ಗೊತ್ತಾದದ್ದು ಒಂಬತ್ತನೆಯ ದಿನ. ಹೃದಯದಿಂದ ಇಳಿಯುವ ದೊಡ್ಡ ನಾಳ, ಹಳೆ ಸೈಕಲ್ಲಿನ ಟ್ಯೂಬು ಒಂದು ಕಡೆ ಉಬ್ಬುವ ಹಾಗೆ ಉಬ್ಬಿ ಒಡೆದಿತ್ತಂತೆ. ರಕ್ತ ಬೆನ್ನಿನ ಕಡೆಯ ಮಾಂಸದೊಳಗೆ ಸ್ವಲ್ಪ ಹೊತ್ತು ತಡೆದು ನಿಂತದ್ದರಿಂದ ದಾರಿಯಲ್ಲಿ ಸಾಯದೆ ಉಳಿದೆನಂತೆ. ಒಡೆದ ಜಾಗಕ್ಕೆ ಬಟ್ಟೆಯಂಥ ಒಂದು ಕೊಳವೆ ಕೂರಿಸಿ ಹೊಲಿದಿದ್ದರು. ಆಪರೇಷನ್ ಸರಿಯಾಗಿತ್ತು. ಆದರೆ ಅಷ್ಟು ಹೊತ್ತು ರಕ್ತವಿಲ್ಲದೆ ಉಳಿದ ಅಂಗಗಳು ಒಂದೊಂದಾಗಿ ಮುನಿಸಿಕೊಂಡವು. ಕಿಡ್ನಿ ನಿಂತಿತು, ದಿನ ಬಿಟ್ಟು ದಿನ ಯಂತ್ರಕ್ಕೆ ಜೋಡಿಸುತ್ತಿದ್ದರು. ಶ್ವಾಸಕೋಶಕ್ಕೆ ಸೋಂಕು ತಗುಲಿತು, ಕುತ್ತಿಗೆಗೆ ತೂತು ಮಾಡಿ ನಳಿಗೆ ಹಾಕಿದರು. ಎಡಗಾಲಿನ ಎರಡು ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗಿ, ಕಡೆಗೆ ತೆಗೆಯಬೇಕಾಯಿತು. ಹೊಟ್ಟೆಯನ್ನು ಎರಡನೆಯ ಸಲ ತೆರೆದರು.

ನಳಿಗೆ ಇದ್ದ ಐದು ವಾರ ನನಗೆ ದನಿ ಇರಲಿಲ್ಲ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ಆದ್ದರಿಂದ ಬರೆಯುತ್ತೇನೆ: ನೋವಿಗಿಂತ ಅದು ಕಷ್ಟ. ಬಾಯಿ ತೆರೆದರೆ ಗಾಳಿ ಕುತ್ತಿಗೆಯಲ್ಲೇ ಹೋಗಿಬಿಡುತ್ತದೆ. ಬೆನ್ನಿನಡಿಗೆ ಬಟ್ಟೆ ಮುದುಡಿದೆ ಎಂದು ಹೇಳಲು ಅರ್ಧ ದಿನ ಬೇಕು.

ಬ್ರಹ್ಮಾವರದ ಕಡೆಯ ಸಿಸಿಲಿ ಬಾಯಿ ಎಂಬ ಆಯಾ ಇದ್ದರು. ನನ್ನ ತಲೆಯನ್ನು ಮಂಚದ ಅಂಚಿಗೆ ತಂದು, ಕೆಳಗೆ ಬಕೆಟ್ಟಿಟ್ಟು, ವಾರಕ್ಕೊಮ್ಮೆ ಕೂದಲು ತೊಳೆಯುತ್ತಿದ್ದರು. ಅದು ಅವರ ಕೆಲಸದಲ್ಲಿ ಸೇರಿದ್ದಲ್ಲ. "ನೀವ್ ಮಾತಾಡದ ಪೇಶಂಟ್, ನಂಗೆ ಆರಾಮ. ಆಚೆ ಬೆಡ್ಡಿನ ಅಮ್ಮ ದಿನಾ ಕೇಳ್ತಾರೆ, ಸಿಸಿಲಿ ನಿನ್ನ ಗಂಡ ಕುಡೀತಾನಾ, ಹೊಡೀತಾನಾ ಅಂತ. ಪಾಪದವ, ಅವನಿಗೆ ಚಾ ಕುಡಿದ್ರೆ ನಿದ್ದೆ ಬರ್ತದೆ" ಎನ್ನುತ್ತಿದ್ದರು. ನಗಲಾರದೆ ನನ್ನ ಹೊಲಿಗೆ ನೋಯುತ್ತಿತ್ತು. ಬಿಸಿನೀರು ಕಿವಿಯ ಹಿಂದೆ ಇಳಿಯುವಾಗ ಮಾತ್ರ, ನಾನು ಇನ್ನೂ ಇದ್ದೇನೆ ಅನಿಸುತ್ತಿತ್ತು.

ಇವರು ಹೊರಗಿನ ಹಾಲಿನಲ್ಲಿ, ಬೇರೆ ರೋಗಿಗಳ ಮನೆಯವರ ನಡುವೆ ಚಾಪೆ ಹಾಸಿ ದಿನ ಕಳೆಯುತ್ತಿದ್ದರು. ದಿನಕ್ಕೆರಡು ಸಲ ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಒಂದು ದಿನ ಬಂದವರು ಮಂಚದ ಕಂಬಿ ಹಿಡಿದು ಹೇಳಿದರು: "ಅಮ್ಮನ್ನ ಶಿರೂರಿಗ್ ಕಳ್ಸಿದೆ. ಡಾಕ್ಟ್ರ್ ಕೇಂಡ್ರ್, ಹೊಟ್ಟಿ ಯಾರಾರೂ ತಿಕ್ಕಿದ್ರಾ ಅಂದೇಳಿ. ಹೌದ್ ಅಂದೆ. ಅವ್ರ್ ಎಂತದೂ ಹೇಳ್ಲಿಲ್ಲ, ಬರ್ಕಂಡ್ರ್. ನಂಗ್ ಅಷ್ಟ್ ಸಾಕ್. ಆ ಕೈ ಇನ್ ಯಾರ ಹೊಟ್ಟಿಗೂ ಮುಟ್ಟುದ್ ಬ್ಯಾಡ."

ನಾನು ತಲೆ ಅಲ್ಲಾಡಿಸಿದೆ. ಬರೆಯಲು ಸನ್ನೆ ಮಾಡಿದೆ. ಇವರು ಜೇಬಿನ ಡೈರಿ, ಪೆನ್ನು ಕೊಟ್ಟು ಕೈ ಹಿಡಿದುಕೊಂಡರು. ಕಾನ್ವೆಂಟಿನಲ್ಲಿ ಕೈಬರಹಕ್ಕೆ ಬಹುಮಾನ ತೆಗೆದುಕೊಂಡವಳು ನಾನು. ಮಗು ಗೋಡೆಯ ಮೇಲೆ ಗೀಚಿದ ಹಾಗೆ ಒಂದು ಮಾತು ಬರೆದೆ: ಅತ್ತೆ. ಮುಂದೆ ಬರೆಯುವಷ್ಟರಲ್ಲಿ ಪೆನ್ನು ಜಾರಿತು. ಇವರು ಅದನ್ನು ಓದಿ ಕಣ್ಣೊರೆಸಿಕೊಂಡರು. "ಹೆದ್ರಬೇಡ. ಅಮ್ಮ ಇಲ್ಲಿಗ್ ಬತ್ತಿಲ್ಲ. ನಾ ಬಪ್ಪುಕೆ ಬಿಡುದಿಲ್ಲ."

ಅಷ್ಟರವರೆಗಿನದಕ್ಕೆ ನನ್ನನ್ನು ಯಾರೂ ದೂರಲಾರರು. ಮುಂದಿನದು ಹಾಗಲ್ಲ.

ನಳಿಗೆ ತೆಗೆದರು. ಕುತ್ತಿಗೆಯ ತೂತಿನ ಮೇಲೆ ಬೆರಳಿಟ್ಟು ಮಾತಾಡಲು ನರ್ಸು ಕಲಿಸಿಕೊಟ್ಟಳು. ಬಿರುಕು ಬಿಟ್ಟ ದನಿ, ಆದರೂ ದನಿ. ನೀರು ಕೇಳಿದೆ. ಗಂಜಿಗೆ ಉಪ್ಪು ಕೇಳಿದೆ. ಮನೆಯ ದನಕ್ಕೆ ಹುಲ್ಲು ಯಾರು ಹಾಕುತ್ತಾರೆಂದು ಕೇಳಿದೆ. ಹನ್ನೊಂದು ದಿನದ ವಿಷಯ ಹೇಳಲಿಲ್ಲ. ಇವರ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಚಮಚದಲ್ಲಿ ಗಂಜಿ ಊದಿ ಊದಿ ತಿನ್ನಿಸುತ್ತಿದ್ದರು. ಆ ಚಮಚ ನನ್ನ ತುಟಿಯ ಹತ್ತಿರ ಇರುವಾಗ, ನನಗೆ ಮೊದಲೇ ಗೊತ್ತಿತ್ತು, ನಿಮ್ಮಮ್ಮ ಹೇಳಿದ್ದರು, ನಾನೇ ಮುಚ್ಚಿಟ್ಟೆ ಎಂದು ಹೇಗೆ ಹೇಳುವುದು? ಮನೆಗೆ ಹೋಗಿ ಹೇಳೋಣ ಅಂದುಕೊಂಡೆ. ಮೂರು ತಿಂಗಳಿಗೆ ಮನೆಗೆ ಬಂದೆ. ಸ್ವಲ್ಪ ನಡೆಯುವ ಹಾಗಾಗಲಿ ಅಂದುಕೊಂಡೆ. ನಡೆದೆ. ಶಾರದಾ ನೋಡಲು ಬಂದಳು. ಅವಳ ಮನೆಯ ಒಕ್ಕಲು ಅವತ್ತು ಅರ್ಧಕ್ಕೇ ನಿಂತಿತ್ತು. "ಅಮ್ಮ ಉಣ್ಣುವುದೇ ಕಡಿಮೆ ಮಾಡಿತ್ ಅತ್ತಿಗೆ" ಎಂದಳು. ನಾನು ಅವಳ ಬಳೆ ಚೆನ್ನಾಗಿದೆ ಎಂದೆ.

ಚೌತಿಯ ಹಬ್ಬಕ್ಕೆ ಅತ್ತೆ ಒಂದು ದಿನದ ಮಟ್ಟಿಗೆ ಬಂದರು. ಒಳಗೆ ಬಂದು ನನ್ನನ್ನು ನೋಡಿ, "ನೀ ಬಾಳ ಸೊರ್ಗಿದ್ದೆ" ಎಂದಷ್ಟೇ ಅಂದರು. ಹತ್ತಿರ ಕೂರಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಜಗಲಿಯ ತುದಿಯಲ್ಲಿ ಕುಳಿತಿದ್ದರು, ಚಳಿಯಾದವರ ಹಾಗೆ. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಮೀನುಗಾರರ ಮನೆಯ ಹುಡುಗಿಯೊಬ್ಬಳು ಅಳುತ್ತಿದ್ದ ಕೈಕೂಸನ್ನು ಎತ್ತಿಕೊಂಡು ಬಂದಳು.

"ಅಮ್ಮಾ, ನೀವ್ ಬಂದಿರಿ ಅಂದ್ರ್. ಮಗಿಗ್ ಬಟ್ಟಿ ಜಾರಿತ್ ಕಾಣಿ, ಮೂರ್ ದಿನಾಯ್ತ್ ಮರ್ಕುದೇ ಮರ್ಕುದ್."

ಇವರು ಒಳಗಿನಿಂದಲೇ ಹೇಳಿದರು: "ಇಲ್ಲಿ ಅದೆಲ್ಲ ಇಲ್ಲ. ಡಾಕ್ಟ್ರ ಹತ್ರ ಹೋಯ್ಕ್."

ಅತ್ತೆ ಆ ಹುಡುಗಿಯ ಮುಖ ನೋಡಿ ಮೆಲ್ಲಗೆ ಅಂದರು: "ನಂಗ್ ಮರ್ತ್ ಹೋಯ್ತ್ ಹೆಣ್ಣೆ. ಹೋಗ್."

ನಾನು ಕಿಟಕಿಯ ಒಳಗೆ ಮಂಚದಲ್ಲಿದ್ದೆ. ಎಲ್ಲ ಕೇಳಿಸಿತು. ಆಗ ನನಗೆ ಪೂರ್ತಿ ದನಿ ಇತ್ತು.

ಹೇಳಿದ್ದು ವರ್ಷ ತುಂಬಿದ ಮೇಲೆ. ನನಗೆ ಬಗ್ಗಲಾಗುತ್ತಿರಲಿಲ್ಲ, ಹೊಟ್ಟೆಗೆ ಬೆಲ್ಟು ಕಟ್ಟಿರುತ್ತಿತ್ತು. ಅದರಿಂದ ಎಡಗಾಲಿನ ಉಳಿದ ಮೂರು ಬೆರಳ ಉಗುರನ್ನು ಇವರೇ ಭಾನುವಾರ ಜಗಲಿಯಲ್ಲಿ ಕೂತು ತೆಗೆಯುತ್ತಿದ್ದರು. ಅಲ್ಲಿ ನನಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಗಾಯವಾದರೆ ಒಣಗುವುದೂ ಇಲ್ಲ. ಆದ್ದರಿಂದ ಉಸಿರು ಬಿಗಿಹಿಡಿದು, ಮೊಗ್ಗಿನ ತೊಟ್ಟು ಬಿಡಿಸುವಷ್ಟು ಮೆಲ್ಲಗೆ ತೆಗೆಯುತ್ತಿದ್ದರು. ಅವರ ಬೋಳಾಗುತ್ತಿದ್ದ ನೆತ್ತಿ ನನ್ನ ಕಣ್ಣೆದುರಿಗಿತ್ತು. ಮುಖ ಕಾಣುತ್ತಿರಲಿಲ್ಲ. ಅದೇ ಧೈರ್ಯ ಕೊಟ್ಟಿರಬೇಕು.

"ಹ್ವಾಯ್, ಒಂದ್ ಹೇಳುಕಿತ್" ಎಂದೆ. ಕನ್ನಡಕದಿಂದ ಶುರು ಮಾಡಿ ಎಲ್ಲ ಹೇಳಿದೆ. ಮೂರನೆಯ ಬೆಳಿಗ್ಗೆ ಅತ್ತೆ ಕೈ ತೆಗೆದದ್ದು. ನಾಳೆಯೇ ಹೋಗು ಎಂದದ್ದು. ನಾನು ಬೇಡವೆಂದದ್ದು, ಹೇಳಬೇಡಿ ಎಂದದ್ದು. ಕಡೆಯ ದಿನ ಅವರು ತಿಕ್ಕಲಿಲ್ಲ, ನಾನು ಬೇಡಿಕೊಂಡದ್ದಕ್ಕೆ ಕೈ ಇಟ್ಟದ್ದು ಮಾತ್ರ.

ಇವರು ತಲೆ ಎತ್ತಲಿಲ್ಲ. ಕಿರುಬೆರಳಿನ ಉಗುರು ಬಾಕಿ ಇತ್ತು. ಅದನ್ನೂ ತೆಗೆದರು. ಉಗುರುಗಳನ್ನೆಲ್ಲ ಕಾಗದದಲ್ಲಿ ಒಟ್ಟು ಮಾಡಿದರು.

"ಆಸ್ಪತ್ರಿಯಲ್ಲಿ ನೀ ಡೈರಿಯಲ್ಲಿ ಬರ್ದದ್ದ್ ಅದಾ?"

"ಹೌದ್."

"ನಂತ್ರ ಎಂತಕ್ ಹೇಳ್ಲಿಲ್ಲ?"

ಇವರು ಎದ್ದು ಅಂಗಿ ಹಾಕಿಕೊಂಡು, ಊಟ ಮಾಡದೆ ಶಿರೂರಿನ ಬಸ್ಸು ಹಿಡಿದರು.

ಸಂಜೆ ನಾಲ್ಕೂವರೆಗೆ ತಾಯಿ ಮಗ ಬಸ್ಸಿಳಿದು ಬರುವುದು ಕಿಟಕಿಯಿಂದ ಕಂಡಿತು. ಇವರು ಅತ್ತೆಯ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು, ತಪ್ಪು ಮಾಡಿದ ಮಕ್ಕಳು ಬರುವ ಹಾಗೆ. ಅತ್ತೆ ಕಾಲು ತೊಳೆದು ಸೀದಾ ಅಡುಗೆಮನೆಗೆ ಹೋಗಿ, ಒಲೆಯ ಮೇಲಿನ ಸಾರಿನ ಮುಚ್ಚಳ ತೆಗೆದು, "ನೀ ಹುಳಿ ಜಾಸ್ತಿ ಹಾಕಿದ್ದೆ" ಎಂದರು. ನಾನು ಬಾಗಿಲು ಹಿಡಿದು ನಿಂತಿದ್ದೆ.

"ನೀವ್ ಯಾಕೆ ಹೇಳ್ಲಿಲ್ಲ ಅತ್ತೆ? ನಾ ಮಾತ್ ಬಾರದೆ ಬಿದ್ದಿದ್ದೆ. ನೀವ್ ಹೇಳ್ಲಕ್ಕಿತ್ತಲೆ?"

"ಹೇಳಿರೆ ಅಂವ ನಿನ್ನ ಬೈತಿದ್ದ. ನೀ ಆಗ ಬೈಸ್ಕಂಬ ಹಾಂಗ್ ಇದ್ದಿಲ್ಲ."

"ನಂತ್ರ?"

ಅತ್ತೆ ಸೌಟನ್ನು ಮುಚ್ಚಳದ ಮೇಲೆ ಅಡ್ಡ ಇಟ್ಟರು.

"ನಂತ್ರ ನೀನೇ ಹೇಳ್ತೆ ಅಂದ್ಕಂಡಿದ್ದೆ."

ಬೈದಿದ್ದರೆ ಸಹಿಸಬಹುದಿತ್ತು. ಈ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಶಿರೂರಿನ ಮಗಳ ಹೊಸ ಮನೆಯ ಜಗಲಿಯಲ್ಲಿ ಕೂತು, ದಿನಾ ರಸ್ತೆ ನೋಡುತ್ತ, ಇವತ್ತು ವಿಮಲಾ ಹೇಳಿರಬಹುದು, ಇವತ್ತು ಮಗ ಬರಬಹುದು ಎಂದು ಆಕೆ ಕಾದಿರಬೇಕು. ಎಷ್ಟು ದಿನ ಎಂದು ಕೇಳುವ ಬಾಯಿ ನನಗಿರಲಿಲ್ಲ.

ಚೌತಿಯಲ್ಲಿ ಬಂದಿದ್ದ ಹುಡುಗಿ, ಅತ್ತೆ ಬಂದ ಸುದ್ದಿ ಕೇಳಿ ಮತ್ತೆ ಬಂದಳು. ಮಗು ಈಗ ನಡೆಯುತ್ತಿತ್ತು, ಬಿದ್ದು ಹೊಟ್ಟೆನೋವೆಂದು ಅಳುತ್ತಿತ್ತು. ಡಾಕ್ಟರಿಗೆ ತೋರಿಸಿಯೇ ಬಂದಿದ್ದೇನೆ ಎಂದು ಇವರಿಗೆ ಕೇಳಿಸುವ ಹಾಗೆ ಹೇಳಿದಳು. ಈ ಸಲ ಇವರೇ ಚಾಪೆ ತಂದು ಹಾಸಿದರು. ನಾನು ಎಣ್ಣೆ ಬಟ್ಟಲು ತಂದಿಟ್ಟೆ. ಅತ್ತೆ ಬಹಳ ಹೊತ್ತು ಬಟ್ಟಲನ್ನೇ ನೋಡಿ, ಬೆರಳು ಅದ್ದಿ, ಐದೂ ತುದಿ ಒಟ್ಟು ಮಾಡಿ ಹೊಕ್ಕುಳಿನ ಮೇಲೆ ಇಟ್ಟರು. ಕಣ್ಣು ಮುಚ್ಚಿದರು. ಅವರ ಮುಖದಲ್ಲಿ ಆ ಆಲಿಸುವ ಭಾವ ಬರಲೆಂದು ನಾನು ಕಾದೆ. ಬರಲಿಲ್ಲ. ಬೆರಳು ಅತ್ತ ಸರಿಸಿದರು, ಇತ್ತ ಸರಿಸಿದರು. ಒತ್ತಲು ಹೆದರಿಕೆ, ಒತ್ತದೆ ಸಿಗುವುದಿಲ್ಲ. ಕಡೆಗೆ ಕಣ್ಣು ತೆರೆದು, ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಸಿಕ್ತಿಲ್ಲ ಹೆಣ್ಣೆ" ಎಂದರು. "ಮೊದ್ಲ್ ಸುಳ್ಳ್ ಹೇಳಿದ್ದೆ. ಈಗ ಖರೇ ಮರ್ತ್ ಹೋಯ್ತ್."

ಆಮೇಲೆ ಅತ್ತೆ ಮೂರು ವರ್ಷ ಇದ್ದರು. ಯಾರೂ ಬಟ್ಟಿಗೆಂದು ಬರಲಿಲ್ಲ.

ಬೆಂಚಿನಲ್ಲಿ ಸಿಕ್ಕಿದ ಆ ಹೆಂಗಸಿಗೆ ಹೇಳದೆ ಬಂದದ್ದು ಇದನ್ನೇ. ನಿಮ್ಮವರು ಕಣ್ಣು ಬಿಡಲಿ, ಬಿಡುತ್ತಾರೆ. ಆದರೆ ಅವರು ಕಣ್ಣು ಮುಚ್ಚಿರುವಾಗ ಹೊರಗೆ ಯಾರ ಮೇಲಾದರೂ ತಪ್ಪು ಹೊರಿಸಿದ್ದೀರಾ, ನೋಡಿಕೊಳ್ಳಿ. ಬದುಕಿ ಬಂದವರಿಗೆ ಮಾತು ಬಂದ ಕೂಡಲೇ ಮೊದಲು ಅದನ್ನೇ ಕೇಳಿ.

ಅವತ್ತು ಆ ಹುಡುಗಿ ಮಗುವನ್ನೆತ್ತಿಕೊಂಡು ಹೋದ ಮೇಲೆ ಚಾಪೆ ಹಾಗೇ ಇತ್ತು. ಅತ್ತೆ ಅದರ ಪಕ್ಕದಲ್ಲೇ ಕುಳಿತಿದ್ದರು. ನಾನು ಗೋಡೆ ಹಿಡಿದು, ಮೊಣಕಾಲೂರಿ, ಹೇಗೋ ಅದರ ಮೇಲೆ ಮಲಗಿ ಬೆಲ್ಟು ಬಿಚ್ಚಿದೆ. ಎದೆಯಿಂದ ಕೆಳಹೊಟ್ಟೆಯವರೆಗೆ ಇಳಿದ ಗಾಯದ ಗೆರೆಯನ್ನು ಅತ್ತೆ ಅವತ್ತೇ ಮೊದಲು ನೋಡಿದ್ದು. ಹೊಕ್ಕುಳಿನ ಹತ್ತಿರ ಬಂದು ಅದು ಪಕ್ಕಕ್ಕೆ ಬಾಗಿ ಮುಂದೆ ಹೋಗುತ್ತದೆ.

"ನಂಗ್ ಕಾಣಿ ಅತ್ತೆ."

"ಎಂತ ಕಾಂಬುದ್? ನಂಗ್ ತಿಳೀತಿಲ್ಲ ಅಂದೆ ಅಲ್ದಾ."

"ತಿಳೀದಿದ್ರೆ ಬ್ಯಾಡ. ಕೈ ಇಡಿ."

ಇವರು ಆ ಹೊತ್ತಿಗೆ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದರು. ಚಾಪೆ, ಎಣ್ಣೆ ಬಟ್ಟಲು, ನನ್ನ ಹೊಟ್ಟೆಯ ಮೇಲೆ ಅವರಮ್ಮನ ಕೈ. ಒಂದು ಗಳಿಗೆ ನಿಂತರು. ಆಮೇಲೆ ಕೊಡ ಸದ್ದಾಗದ ಹಾಗೆ ಎತ್ತಿಕೊಂಡು ಬಾವಿಯ ಕಡೆಗೆ ಹೋದರು.